ಹತ್ತರವರೆಗೆ ಎಣಿಸುವ ಕೈ

ಇಕ್ಕಳನ ಕೈಯನ್ನು ನಾವೆಲ್ಲ ಸೇರಿ ಹೊಗಳಿ ಹೊಗಳಿಯೇ ಹಾಳು ಮಾಡಿದೆವು. ಬೇರೆಯವರ ಮಾತು ಬಿಡಿ, ಅದರಲ್ಲಿ ದೊಡ್ಡ ಪಾಲು ನನ್ನದು. ಹದಿನಾಲ್ಕು ವರ್ಷಗಳಿಂದ ಅವನ ಗ್ಯಾರೇಜಿನ ಪಕ್ಕದ ಮಳಿಗೆಯಲ್ಲಿ ಕೂತು ಕಾರು, ವ್ಯಾನುಗಳ ಸೀಟಿಗೆ ಕವರ್ ಹೊಲಿಯುತ್ತಿದ್ದೇನೆ. ನಮ್ಮಿಬ್ಬರ ನಡುವೆ ಇರುವುದು ಒಂದು ತಗಡಿನ ಗೋಡೆ. ಅವನು ಆ ಕಡೆ ಸುತ್ತಿಗೆ ಬೀಸಿದರೆ ಈ ಕಡೆ ನನ್ನ ದಾರದುಂಡೆಗಳು ಕುಣಿಯುತ್ತವೆ. ಅವನ ಬೈಗುಳ, ಕೆಮ್ಮು, ಗಿರಾಕಿಗಳ ಮುಂದೆ ಬಿಡುವ ಬಡಾಯಿ, ಒಂದೂ ನನ್ನ ಕಿವಿ ತಪ್ಪಿಸಿಕೊಂಡಿಲ್ಲ. ಇಷ್ಟೆಲ್ಲ ಕೇಳಿಸಿಕೊಂಡವಳಿಗೆ ಕಣ್ಣೆದುರಿಗಿದ್ದದ್ದು ಕಾಣಲಿಲ್ಲವಲ್ಲ ಎಂಬ ಸಿಟ್ಟು ಇನ್ನೂ ಆರಿಲ್ಲ.

ಇಕ್ಕಳ ಎನ್ನುವುದು ನಾನಿಟ್ಟ ಹೆಸರು. ಎದುರಿನ ಟೀ ಅಂಗಡಿಯವನು ಸ್ಟೀಲ್ ಲೋಟದಲ್ಲಿ ಕುದಿಯುವ ಟೀ ಸುರಿದು ಕೊಡುತ್ತಾನೆ. ನಾವೆಲ್ಲ ಅದನ್ನು ಬಟ್ಟೆಯ ತುದಿಯಲ್ಲಿ ಹಿಡಿದು ಉಫ್ ಉಫ್ ಎನ್ನುತ್ತಿದ್ದರೆ ಇವನು ಐದೂ ಬೆರಳು ಸುತ್ತಿ ಹಿಡಿದು ಯಾವುದೋ ಹಳೇ ಲಾರಿಯ ಕಥೆ ಹೇಳುತ್ತ ನಿಂತಿರುತ್ತಿದ್ದ. "ಇದೇನಪ್ಪಾ, ಕೈಯೋ ಇಕ್ಕಳವೋ?" ಎಂದೆ ಒಂದು ದಿನ. ಅಂಗಡಿಯೆಲ್ಲ ನಕ್ಕಿತು. ಅವತ್ತಿನಿಂದ ಬೀದಿಗೆಲ್ಲ ಅವನು ಇಕ್ಕಳ. ಅವನಿಗೂ ಅದು ಬಿರುದು ಕೊಟ್ಟ ಹಾಗಾಯಿತು. ಯಾರಾದರೂ ಹೊಸಬರು ಬಂದರೆ ಕೆಟಲಿನ ಬುಡಕ್ಕೇ ಕೈ ಹಾಕಿ ಎತ್ತಿ ತೋರಿಸುತ್ತಿದ್ದ. ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಅವನ ಕೆಲಸದಲ್ಲೂ ಕೈಯದೇ ಯಜಮಾನಿಕೆ. ಎಂಜಿನ್ನಿಗೆ ಕೈ ಹಾಕಿದ ಯಾವ ಗಾಡಿಯನ್ನೂ ಅವನು ಸುಮ್ಮನೆ ಗಿರಾಕಿಗೆ ಒಪ್ಪಿಸುವವನಲ್ಲ. ಊರಿನ ಹಿಂದಿನ ಗುಡ್ಡದ ರಸ್ತೆಯಲ್ಲಿ ನೆತ್ತಿಯವರೆಗೆ ಹತ್ತಿಸುತ್ತಾನೆ. ಅಲ್ಲಿ ನಿಲ್ಲಿಸಿ ಬಾನೆಟ್ ಎತ್ತುತ್ತಾನೆ. ಬಿಸಿಯಾಗಬಾರದ್ದು ಏನೇನಿದೆಯೋ, ಬ್ರೇಕಿನ ಪೈಪು, ಪೆಟ್ರೋಲಿನ ಪೈಪು, ವೈರುಗಳ ಕಟ್ಟು, ಒಂದೊಂದರ ಮೇಲೂ ಬೆರಳಿಟ್ಟು ಹತ್ತರವರೆಗೆ ಎಣಿಸುತ್ತಾನೆ. ಹತ್ತು ಮುಟ್ಟಿದರೆ ಗಾಡಿ ಪಾಸು. ಅದಕ್ಕೂ ಮೊದಲೇ ಕೈ ಹಿಂದೆ ಬಂದರೆ ಪೈಪನ್ನು ಬಿಚ್ಚಿ ಬೇರೆ ದಾರಿಯಲ್ಲಿ ಎಳೆಯಬೇಕು. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳಿಕೊಟ್ಟ ಕ್ರಮ ಇದು. "ಮೀಟರು ಬೇಕಾದ್ರೆ ಸುಳ್ಳು ಹೇಳತ್ತೆ ಅಕ್ಕಾ, ಚರ್ಮ ಹೇಳಲ್ಲ" ಎನ್ನುತ್ತಿದ್ದ.

ಬ್ರೇಕಿನ ಪೈಪಿಗೆ ಯಾಕಿಷ್ಟು ಉಪಚಾರ ಎಂದು ಒಮ್ಮೆ ಕೇಳಿದ್ದೆ. ಪಾಠ ಮಾಡಲು ಸಿಕ್ಕಿದರೆ ಅವನು ಬಿಡುತ್ತಾನೆಯೇ? ಆ ಸಣ್ಣ ಪೈಪಿನೊಳಗೆ ಆಯಿಲ್ ಇರುತ್ತದಂತೆ. ಪೆಡಲ್ ಒತ್ತಿದರೆ ಆ ಆಯಿಲೇ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದಂತೆ. ಪೈಪು ಕಾದು ಆಯಿಲ್ ಕುದಿದರೆ ಒಳಗೆ ಗುಳ್ಳೆ ಏಳುತ್ತದೆ, ಕಾಲು ಒತ್ತಿದಾಗ ಗುಳ್ಳೆ ಅಮುಕಿಕೊಳ್ಳುತ್ತದೆಯೇ ಹೊರತು ಚಕ್ರಕ್ಕೆ ಏನೂ ಹೋಗುವುದಿಲ್ಲ. ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. "ಇನ್ನೊಂದು ಮೋಸ ಏನು ಗೊತ್ತಾ? ತಣ್ಣಗಾದ್ಮೇಲೆ ಗುಳ್ಳೆ ಮಾಯ. ಗ್ಯಾರೇಜಿಗೆ ತಂದು ನೋಡಿದ್ರೆ ಬ್ರೇಕು ಕಲ್ಲಿನ ಹಾಗಿರತ್ತೆ. ಎಂಥಾ ಮೆಕ್ಯಾನಿಕ್ ಆದ್ರೂ ಏಮಾರ್ತಾನೆ" ಎಂದಿದ್ದ. ಏಮಾರುವವನು ಬೇರೆ ಯಾರೋ ಎಂಬ ಹಾಗೆ ಹೇಳಿದ್ದ.

ಅವನ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಮನೆಯಲ್ಲಿ ಮಗಳು, ಮೂರೂವರೆ ವರ್ಷದ ಮೊಮ್ಮಗಳು ಇದ್ದಾರೆ. ಅಳಿಯ ಹಡಗಿನ ಕೆಲಸದವನು, ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಾನೆ. ಮಗಳು ನನ್ನನ್ನು ಅತ್ತೆ ಎಂದೇ ಕರೆಯುತ್ತಾಳೆ, ಸ್ವಂತ ಅಪ್ಪನ ಅಕ್ಕನ ಮೇಲೆ ಇರುವಷ್ಟೇ ಸಲಿಗೆಯಿಂದ. ಅವಳು ಗುಡ್ಡದ ಆಚೆ ಬದಿಯ ಶಾಲೆಯಲ್ಲಿ ಟೀಚರು. ಪುಟ್ಟಿಯೂ ಅದೇ ಶಾಲೆಯ ಶಿಶುವಿಹಾರಕ್ಕೆ ಹೋಗುತ್ತದೆ. ಬೆಳಿಗ್ಗೆ ಈ ಕಡೆಯಿಂದ ಹತ್ತಿ ಆ ಕಡೆ ಇಳಿಯಬೇಕು, ಸಂಜೆ ಆ ಕಡೆಯಿಂದ ಹತ್ತಿ ಈ ಕಡೆ ಇಳಿಯಬೇಕು. ಕೆಳಗಿನಿಂದ ಎಣಿಸಿದರೆ ಈ ಕಡೆಯ ಇಳಿಜಾರಿಗೆ ಹನ್ನೊಂದು ತಿರುವು. ಒಂದು ಬದಿಗೆ ಕಲ್ಲಿನ ಗೋಡೆ, ಇನ್ನೊಂದು ಬದಿಗೆ ಬರೀ ಗಾಳಿ.

ಪುಟ್ಟಿಗೆ ತಾತ ಎಂದರೆ ಪ್ರಾಣ. ಆದರೆ ತಾತ ಸ್ನಾನ ಮಾಡಿಸಲು ಬಂದರೆ ಮಾತ್ರ ಮನೆ ಹಾರಿಹೋಗುವ ಹಾಗೆ ಅರಚುತ್ತಿತ್ತು. ಅವನು ಬಕೆಟ್ಟಿಗೆ ನೀರು ಬೆರೆಸಿ, ಕೈಯದ್ದಿ ಹದ ನೋಡಿ, ಎತ್ತಿಕೊಳ್ಳಲು ಹೋದರೆ ಅದು ಮಂಚದ ಕೆಳಗೆ ಸೇರುತ್ತಿತ್ತು. "ಥೂ, ಎಂಥಾ ಹಟಮಾರಿ! ನೀರು ಕಂಡ್ರೆ ಬೆಕ್ಕಿನ ಜಾತಿ" ಎಂದು ನಾನೂ ಗದರಿದ್ದೇನೆ. ಕೊನೆಗೆ ಸ್ನಾನದ ಕೆಲಸ ಅಮ್ಮನ ಪಾಲಿಗೇ ಬಂತು. ನಾವು ಅದನ್ನೂ ನಗುವ ಮಾತು ಮಾಡಿಕೊಂಡೆವು.

ಮಗಳ ಕಾರು ಕೈ ಬದಲಾಯಿಸಿ ಬಂದದ್ದು. ಮೂರು ಸಿಲಿಂಡರಿನ ಎಂಟುನೂರು ಸಿಸಿ ಎಂಜಿನ್ನು, ಊರೊಳಗೆ ಓಡಾಡಲು ಸಾಕು, ಗುಡ್ಡಕ್ಕೆ ಸಾಲದು. ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಎಂಟನೇ ತಿರುವಿನಲ್ಲಿ ಅದು ಉಸಿರು ಬಿಟ್ಟು ನಿಂತುಬಿಟ್ಟಿತು. ಹಿಂದೆ ಜಲ್ಲಿ ತುಂಬಿದ ಲಾರಿ. ಲಾರಿಯವನು ಹೇಗೋ ತಪ್ಪಿಸಿಕೊಂಡು ಹೋದ. ಮಗಳು ಕಾರು ಬಿಟ್ಟು, ಮಗುವನ್ನು ಎತ್ತಿಕೊಂಡು ನಡೆದೇ ಕೆಳಗೆ ಬಂದಳು. ಅವತ್ತು ಇಕ್ಕಳ ಊಟ ಮಾಡಲಿಲ್ಲ.

"ಸಾವಿರದ ಮುನ್ನೂರು ಸಿಸಿದು ಕೂರಿಸ್ತೀನಿ" ಎಂದ ಮಾರನೇ ದಿನ. ಗುಜರಿಗೆ ಒಂದು ಗಾಡಿ ಬಂದಿತ್ತು. ಹಿಂಭಾಗ ಜಜ್ಜಿಹೋಗಿದ್ದರೂ ಎಂಜಿನ್ನು ಹೊಸದರ ಹಾಗಿತ್ತು.

"ಅದು ಆ ಗೂಡಿಗೆ ಹಿಡಿಯತ್ತಾ?" ಎಂದು ಕೇಳಿದೆ.

"ಹಿಡಿಸ್ತೀನಿ. ಬೇರೆಯವರ ಗಾಡಿ ಆಗಿದ್ರೆ ಆಗಲ್ಲ ಅಂತ ಕಳಿಸ್ತಿದ್ದೆ. ಇದು ನನ್ನ ಮಗಳದು."

ಮೂರು ವಾರ ಅವನು ಮಾಡಿದ ಕೆಲಸವನ್ನು ನಾನು ದಿನಾ ನೋಡಿದೆ, ಮೆಚ್ಚಲೇಬೇಕು. ಹಳೇ ಎಂಜಿನ್ನನ್ನು ಚೈನ್ ಪುಲ್ಲಿಯಲ್ಲಿ ಎತ್ತಿ ಇಳಿಸಿದ. ಹೊಸದು ಒಂದು ಸಿಲಿಂಡರಿನಷ್ಟು ಉದ್ದ, ಒಬ್ಬಾಳು ಹೊರುವಷ್ಟು ಹೆಚ್ಚು ತೂಕ. ಮೊದಲ ಸಲ ಇಳಿಸಿದಾಗ ಅದು ರೇಡಿಯೇಟರಿಗೆ ಮುಖ ಕೊಟ್ಟು ನಿಂತಿತು. ಎತ್ತಿದ. ಎಂಜಿನ್ನು ಕೂರುವ ಮೌಂಟಿಂಗುಗಳನ್ನು ಕತ್ತರಿಸಿ ಹೊಸದಾಗಿ ಬೆಸುಗೆ ಹಾಕಿದ. ರೇಡಿಯೇಟರನ್ನು ಮೂರು ಬೆರಳು ಮುಂದಕ್ಕೆ ತಂದ. ಮುಂದಿನ ಸ್ಪ್ರಿಂಗುಗಳನ್ನು ಬದಲಾಯಿಸಿದ. ಹೀಗೆ ಆರು ಸಲ ಎತ್ತಿ, ಆರು ಸಲ ಇಳಿಸಿ, ಏಳನೇ ಸಲ ಕೂತಿತು. ಆದರೆ ಬಿಸಿ ಹೊಗೆ ಉಗುಳುವ ದಪ್ಪ ಪೈಪು ಈ ಎಂಜಿನ್ನಿಗೆ ಹಿಂಭಾಗದಲ್ಲಿತ್ತು. ಎಂಜಿನ್ನಿನ ಗೂಡಿನ ಹಿಂಗೋಡೆಗೆ ಅಂಟಿಕೊಂಡು ಬ್ರೇಕಿನ ಪೈಪು ಹೋಗುತ್ತಿದ್ದದ್ದೂ ಅಲ್ಲೇ. ಎರಡರ ನಡುವೆ ಎರಡು ಬೆರಳು ಜಾಗ ಉಳಿಯಿತು. ಗಾಡಿ ಏರು ಎಳೆಯುವಾಗ ಎಂಜಿನ್ನು ಹಿಂದಕ್ಕೆ ವಾಲುತ್ತದೆ, ಆಗ ಅದೂ ಇರುವುದಿಲ್ಲ.

ನನ್ನ ಹತ್ತಿರ ಬಿಸಿ ತಡೆಯುವ ಬೆಳ್ಳಿ ಬಣ್ಣದ ದಪ್ಪ ಬಟ್ಟೆ ಇರುತ್ತದೆ. ವ್ಯಾನುಗಳಲ್ಲಿ ಎಂಜಿನ್ನು ಸೀಟಿನ ಕೆಳಗೇ ಇರುವುದರಿಂದ ಅದನ್ನು ಒಳಗೆ ಕೊಟ್ಟು ಹೊಲಿಯುತ್ತೇನೆ. "ಒಂದು ಗೇಣು ಕತ್ತರಿಸಿ ಚೀಲದ ಹಾಗೆ ಹೊಲಿದು ಕೊಡ್ತೀನಿ, ಆ ಪೈಪಿಗೆ ತೊಡಿಸು" ಎಂದೆ.

ಅವನ ಮುಖ ಕೆಂಪಗಾಯಿತು. "ಪೈಪಿಗೆ ಅಂಗಿ ಹಾಕ್ಬೇಕಾ? ಮೇಲೆ ಹೋಗಿ ಕೈ ಇಟ್ಟು ನೋಡ್ತೀನಿ. ಕೈ ಬೇಡ ಅಂದ್ರೆ ಹಾಕೋಣ. ಸೀಟಿನ ವಿಷಯ ನೀನು ನೋಡ್ಕೋ ಅಕ್ಕಾ."

ನನಗೂ ರೋಷ ಬಂತು. ಬಟ್ಟೆಯನ್ನು ಸುತ್ತಿ ಕಪಾಟಿನ ಮೇಲೆಸೆದೆ. ಬೇಡವಾದವನಿಗೆ ಯಾಕೆ ಬಲವಂತ ಎಂದುಕೊಂಡೆ. ಆಗ ಇನ್ನೊಂದು ಮಾತು ಆಡಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ಪರೀಕ್ಷೆಯ ದಿನ ನಾನೂ ಜೊತೆಗೆ ಹೋದೆ. ಸೀಟುಗಳಿಗೆ ಹೊಸ ಕವರ್ ಹಾಕಿದವಳು ನಾನಲ್ಲವೇ, ಕೂತು ನೋಡುವ ಆಸೆ. ಕಾರು ಗುಡ್ಡವನ್ನು ನುಂಗಿದ ಹಾಗೆ ಹತ್ತಿತು. ಹಳೇ ಎಂಜಿನ್ನು ಬಿಕ್ಕುತ್ತಿದ್ದ ಎಂಟನೇ ತಿರುವಿನಲ್ಲಿ ಅವನು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ನೆತ್ತಿಯಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದ. ಒಳಗಿನಿಂದ ಝಳ ಮುಖಕ್ಕೆ ಹೊಡೆಯಿತು, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಸಂದಿಯಲ್ಲಿ ಕೈ ತೂರಿಸಿ ಬ್ರೇಕಿನ ಪೈಪನ್ನು ಹಿಡಿದುಕೊಂಡ.

"ಎಣಿಸಕ್ಕಾ" ಎಂದ.

ನಾನೇ ಎಣಿಸಿದೆ. ಒಂದು, ಎರಡು, ಮೂರು. ಮಕ್ಕಳಿಗೆ ಹೇಳಿಕೊಡುವ ಹಾಗೆ ರಾಗವಾಗಿ ಎಣಿಸಿದೆ. ಹತ್ತಕ್ಕೆ ಅವನು ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ಏನೋ ಸುಟ್ಟ ವಾಸನೆ ಬಂತು. ಹೊಸ ಬೆಸುಗೆಯ ಬಣ್ಣ ಸುಡುತ್ತಿದೆ ಎಂದ. ನಾನು ನಂಬಿದೆ. ಇಳಿಯುವಾಗ ಬ್ರೇಕನ್ನು ಅವನು ನಾಲ್ಕು ಸಲ ಮುಟ್ಟಿದ್ದರೆ ಹೆಚ್ಚು. ಹಳೇ ಕೈಗಳು ಇಳಿಜಾರನ್ನು ಗೇರಿನಲ್ಲೇ ಇಳಿಯುತ್ತವೆ. ಹಾಗಾಗಿ ಬ್ರೇಕು ಇದೆಯೋ ಇಲ್ಲವೋ ಎಂದು ಅವತ್ತು ಯಾರೂ ಕೇಳಲಿಲ್ಲ.

ಎರಡನೇ ವಾರ ಮಗಳು ಶಾಲೆ ಮುಗಿಸಿ ನೇರ ಗ್ಯಾರೇಜಿಗೆ ಬಂದಳು. ಮುಖ ಬಿಳಿಚಿತ್ತು.

"ಅಪ್ಪಾ, ಏಳನೇ ತಿರುವಲ್ಲಿ ಪೆಡಲ್ಲು ಮೆತ್ತಗಾಯ್ತು. ಒತ್ತಿದ್ರೆ ಒಳಗೆ ಹೋಗ್ತಾನೇ ಇತ್ತು. ಮೂರು ಸಲ ತುಳಿದ ಮೇಲೆ ಹಿಡೀತು."

ಅವನು ಟೀ ಮುಗಿಸಿ, ನಿಧಾನವಾಗಿ ಎದ್ದು ಕಾರಿನಲ್ಲಿ ಕೂತು ಪೆಡಲ್ ಒತ್ತಿದ. ಕಲ್ಲಿನ ಹಾಗಿತ್ತು. ಆಯಿಲ್ ಸೋರಿದೆಯೇ ನೋಡಿದ, ಇಲ್ಲ. ನಾಲ್ಕೂ ಚಕ್ರ ಬಿಚ್ಚಿ ನೋಡಿದ. ಏನೂ ಇಲ್ಲ.

"ನೀನು ಇಳಿಜಾರಿನುದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಕೊಂಡು ಬರ್ತೀಯ. ಅದಕ್ಕೇ ಕಾಯತ್ತೆ. ಗೇರಲ್ಲಿ ಇಳಿ ಅಂತ ಎಷ್ಟು ಸಲ ಹೇಳ್ಲಿ? ಈ ಎಂಜಿನ್ನು ಗಟ್ಟಿ, ಒಂದನೇ ಗೇರಿಗೆ ಹಾಕಿದ್ರೆ ಅದೇ ಹಿಡಿದು ನಿಲ್ಲಿಸತ್ತೆ."

ಮಾತಿನಲ್ಲಿ ಅರ್ಧ ನಿಜವಿತ್ತು. ಅರ್ಧ ನಿಜವಿದ್ದ ಮಾತಿಗೆ ಎದುರಾಡುವುದು ಕಷ್ಟ. ಮಗಳು ಕಾರು ತೆಗೆದುಕೊಂಡು ಹೋದಳು.

ಐದು ದಿನ ಬಿಟ್ಟು ಮತ್ತೆ ಬಂದಳು. ಈ ಸಲ ಐದನೇ ತಿರುವು. ಈ ಸಲ ನಾಲ್ಕು ಸಲ ತುಳಿದರೂ ಹಿಡಿಯಲಿಲ್ಲ, ಹ್ಯಾಂಡ್‌ಬ್ರೇಕ್ ಎಳೆದಳಂತೆ. ಪುಟ್ಟಿ ಹಿಂದಿನ ಸೀಟಿನಲ್ಲಿ ಬೊಂಬೆಗೆ ಜಡೆ ಹಾಕುತ್ತಿತ್ತು, ಅದಕ್ಕೇನೂ ಗೊತ್ತಾಗಲಿಲ್ಲ. ಇಕ್ಕಳ ಬ್ರೇಕಿನ ಹಳೇ ಆಯಿಲನ್ನೆಲ್ಲ ಬಸಿದು ಹೊಸದು ತುಂಬಿದ, ಗಾಳಿ ತೆಗೆದ. ಮಾರನೇ ಬೆಳಿಗ್ಗೆ ತಾನೇ ನೆತ್ತಿಯವರೆಗೆ ಓಡಿಸಿಕೊಂಡು ಹೋಗಿ, ಬೆರಳಿಟ್ಟು ಹತ್ತು ಎಣಿಸಿ ಬಂದ. "ತಣ್ಣಗಿದೆ" ಎಂದ. ಕೀ ಕೊಟ್ಟ. ಮಗಳು ಕೀ ತೆಗೆದುಕೊಳ್ಳುವಾಗ ನನ್ನ ಕಡೆ ನೋಡಿದಳು. ಅವಳಿಗೆ ಹೆದರಿಕೆ ಇತ್ತು, ಆದರೆ ಅಪ್ಪನ ಕೈ ತಪ್ಪೆಂದು ಹೇಳುವ ಧೈರ್ಯ ಇರಲಿಲ್ಲ. ಗ್ಯಾರೇಜಿನಲ್ಲಿ ತಣ್ಣಗಾದ ಮೇಲೆ ಎಂಥವನೂ ಏಮಾರುತ್ತಾನೆ ಎಂದು ಇವನೇ ಹೇಳಿರಲಿಲ್ಲವೇ? ಆದರೆ ನೆತ್ತಿಯಲ್ಲಿ ಬಿಸಿಬಿಸಿಯಾಗಿದ್ದಾಗಲೇ ಇವನು ಮುಟ್ಟಿ ನೋಡಿದ್ದಾನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅದೇ ದಿನ ಮಧ್ಯಾಹ್ನ ಊಟವಾದ ಮೇಲೆ ಅವನಿಗೆ ಕೆಲಸವಿರಲಿಲ್ಲ. ನನ್ನ ಅಂಗಡಿಗೆ ಬಂದು ಕೂತ. ಒಂದು ದೊಡ್ಡ ಸೀಟಿಗೆ ತಿಳಿಹಳದಿ ರೆಕ್ಸಿನ್ ಬಿಗಿಯುತ್ತಿದ್ದೆ. ಬಿಗಿದು ಹಿಡಿಯಲು ಇನ್ನೊಂದು ಜೊತೆ ಕೈ ಬೇಕು.

"ಹಿಡ್ಕೋ ಬಾ. ಸುಮ್ನೆ ಕೂತು ಗಾಳಿ ತಿನ್ನೋ ಬದಲು."

ಅವನು ಅಂಚನ್ನು ಎಳೆದು ಹಿಡಿದುಕೊಂಡ. ನಾನು ಡೊಂಕು ಸೂಜಿಯಿಂದ ಹೊಲಿಯುತ್ತ ಬಂದೆ. ಆ ಸೂಜಿ ಬೆರಳುದ್ದ ಇರುತ್ತದೆ, ದಪ್ಪ ರೆಕ್ಸಿನ್ನನ್ನೇ ತೂರಿ ಹೋಗುವಂಥದ್ದು. ಅವನು ಪುಟ್ಟಿಯ ಯಾವುದೋ ತುಂಟತನ ಹೇಳುತ್ತಿದ್ದ. ಕೇಳುತ್ತ ಕೇಳುತ್ತ ನಾನು ಸೂಜಿ ಚುಚ್ಚಿ ಎಳೆದೆ. ಎಳೆತ ಬಿಗಿಯಾಗಿತ್ತು. ಗಂಟು ಸಿಕ್ಕಿರಬೇಕೆಂದು ಮತ್ತೆ ಎಳೆದೆ. ತಿಳಿಹಳದಿಯ ಮೇಲೆ ಕೆಂಪು ಹರಡಿತು.

ಸೂಜಿ ಅವನ ತೋರುಬೆರಳಿನ ತುದಿಯನ್ನು ಹಾದು ರೆಕ್ಸಿನ್ನಿಗೆ ಸೇರಿಸಿಬಿಟ್ಟಿತ್ತು. ಅವನು ಇನ್ನೂ ಪುಟ್ಟಿಯ ಕಥೆ ಹೇಳುತ್ತಲೇ ಇದ್ದ.

"ಲೋ, ಬೆರಳು ನೋಡ್ಕೊಳ್ಳೋ" ಎಂದೆ. ಅವನು ನೋಡಿದ. ಯಾರದೋ ಬೆರಳು ನೋಡಿದ ಹಾಗೆ ನೋಡಿದ.

"ಅಯ್ಯೋ, ಸೀಟು ಹಾಳಾಯ್ತಲ್ಲಕ್ಕಾ" ಎಂದ.

ನಾನು ದಾರ ಕತ್ತರಿಸಿ, ಸೂಜಿ ಬಿಡಿಸಿ, ಕೈಯನ್ನು ಬೆಳಕಿಗೆ ತಿರುಗಿಸಿದೆ. ಗ್ರೀಸನ್ನು ಬಟ್ಟೆಯಲ್ಲಿ ಒರೆಸಿದೆ. ಬೆರಳುಗಳ ಒಳಭಾಗದ ಚರ್ಮ ಬೊಬ್ಬೆ ಎದ್ದು ಬಿಳಿಚಿ ಸುಲಿದಿತ್ತು. ಹಳೇ ಗಾಯದ ಮೇಲೆ ಹೊಸ ಗಾಯ. ಅಡ್ಡಡ್ಡ ಒಂದು ಗೆರೆ ಇತ್ತು, ನೇರವಾಗಿ, ಪೆನ್ಸಿಲಿನಷ್ಟು ದಪ್ಪ. ಬ್ರೇಕಿನ ಪೈಪು ಅಷ್ಟೇ ದಪ್ಪ.

"ಇದು ಯಾವಾಗ ಆದದ್ದು?"

"ಯಾವುದು?"

"ನೋಯಲ್ವೇನೋ?"

"ನಮ್ಮ ಕೆಲಸದವರ ಕೈ ಅಕ್ಕಾ, ಒರಟು. ಸಕ್ಕರೆ ಕಾಯಿಲೆ ಇದೆ, ಜೋಪಾನ ಅಂತ ಡಾಕ್ಟ್ರು ಒಂದು ಸಲ ಅಂದಿದ್ರು. ಯಾರಿಗಿಲ್ಲ ಈಗ? ಕಾಲಿಂದ ಚಪ್ಪಲಿ ಬಿದ್ರೂ ಒಂದೊಂದು ಸಲ ಗೊತ್ತಾಗಲ್ಲ" ಎಂದು ನಕ್ಕ. ನಗುತ್ತಿದ್ದವನು ನನ್ನ ಮುಖ ನೋಡಿ ನಿಲ್ಲಿಸಿದ. ಸ್ವಲ್ಪ ಹೊತ್ತು ತನ್ನ ಬೆರಳನ್ನೇ ನೋಡಿದ. ಹೆಬ್ಬೆರಳಿನಿಂದ ಆ ಗೆರೆಯನ್ನು ಒತ್ತಿದ, ಉಗುರಿನಿಂದ ಗೀರಿದ. ಆಮೇಲೆ ಗೋಡೆಯ ಗಡಿಯಾರ ನೋಡಿದ. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಶಾಲೆ ಬಿಡುವುದು ಮೂರೂವರೆಗೆ.

ಫೋನ್ ಮಾಡಿದೆವು. ರಿಂಗಾಯಿತು, ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನು ಡಿಕ್ಕಿಯಲ್ಲಿರಬೇಕು ಎಂದು ಮಗಳಿಗೆ ಕಟ್ಟಪ್ಪಣೆ ಮಾಡಿದವನು ಅವನೇ. ಮಗಳು ಅಪ್ಪನ ಮಾತು ಮೀರುವವಳಲ್ಲ. ಅವನು ಕಾರುಗಳ ಕಡೆ ಓಡಿದ. ಓಡುವಾಗ ಒಂದು ಚಪ್ಪಲಿ ನನ್ನ ಬಾಗಿಲಲ್ಲೇ ಉಳಿಯಿತು, ಅವನಿಗೆ ತಿಳಿಯಲಿಲ್ಲ.

"ಬಾ ಈ ಕಡೆ! ಆ ಕಾಲಿಟ್ಕೊಂಡು ನೀನು ಓಡಿಸ್ಬೇಡ" ಎಂದು ಕಿರುಚಿ ನನ್ನ ಹಳೇ ವ್ಯಾನಿಗೆ ಹತ್ತಿಸಿಕೊಂಡೆ.

ವ್ಯಾನಿನಲ್ಲಿ ಅವನು ಫೋನನ್ನು ಒತ್ತುತ್ತಲೇ ಇದ್ದ. ಸುಟ್ಟ ಬೆರಳಿಗೆ ಪರದೆ ಸರಿಯಾಗಿ ಸ್ಪಂದಿಸುತ್ತಿರಲಿಲ್ಲ, ಎರಡೆರಡು ಸಲ ಒತ್ತಬೇಕಾಗಿತ್ತು. ಮೊದಲ ತಿರುವು ದಾಟಿದೆವು, ಎರಡನೆಯದೂ ದಾಟಿತು. ಆಗ ನನಗೆ ಇನ್ನೊಂದು ಮಾತು ಹೊಳೆಯಿತು. ಈ ವ್ಯಾನಿನ ಎಂಜಿನ್ನನ್ನೂ ಹೋದ ವರ್ಷ ಇವನೇ ಬಿಚ್ಚಿ ಜೋಡಿಸಿದ್ದ. ಇದೂ ಇವನ ಹತ್ತರಲ್ಲಿ ಪಾಸಾದದ್ದು. ನಾನು ಗೇರನ್ನು ಕೆಳಗಿಳಿಸಿ ಹತ್ತಿಸಿದೆ. ಬ್ರೇಕಿನ ಮೇಲೆ ಕಾಲಿಡಲು ಮನಸ್ಸೇ ಬರಲಿಲ್ಲ.

ನಾಲ್ಕನೇ ತಿರುವಿನ ಹತ್ತಿರ ಹಾರ್ನ್ ಕೇಳಿಸಿತು. ಬಿಟ್ಟು ಬಿಟ್ಟು ಹೊಡೆಯುವ ಹಾರ್ನಲ್ಲ. ಒತ್ತಿದ ಕೈ ತೆಗೆಯದ ಹಾರ್ನು, ಮೇಲಿನಿಂದ ಹತ್ತಿರ ಹತ್ತಿರ ಬರುತ್ತಿತ್ತು. ಅದರ ಹಿಂದೆ ಎಂಜಿನ್ನು ಚೀರುವ ಸದ್ದು.

"ಒಂದನೇ ಗೇರು" ಎಂದ ಇಕ್ಕಳ. "ಒಂದಕ್ಕೆ ಹಾಕಿದಾಳೆ. ಹಾಕಿದಾಳೆ. ಹಾಕಿದಾಳೆ" ಎಂದು ಹೇಳುತ್ತಲೇ ಹೋದ.

ನಾನು ವ್ಯಾನನ್ನು ಕಣಿವೆಯ ಬದಿಗೆ ಆದಷ್ಟು ಒತ್ತಿ ನಿಲ್ಲಿಸಿದೆ. ಕಾರು ತಿರುವಿನಲ್ಲಿ ಕಾಣಿಸಿಕೊಂಡಿತು. ಅವಳು ಅದನ್ನು ಗುಡ್ಡದ ಕಡೆಗೆ ಎಳೆದು ಕಲ್ಲಿನ ಗೋಡೆಗೆ ಉಜ್ಜಿಸುತ್ತ ಬರುತ್ತಿದ್ದಳು. ಕನ್ನಡಿ ಕಿತ್ತು ಹಾರಿತು. ಬಾಗಿಲಿನಿಂದ ಕಿಡಿ ಬರುತ್ತಿತ್ತು. ನಮ್ಮನ್ನು ದಾಟಿ, ಇಪ್ಪತ್ತು ಮಾರು ಕೆಳಗೆ ಹೋಗಿ, ಗೋಡೆಯಿಂದ ಹೊರಚಾಚಿದ ಒಂದು ಕಲ್ಲಿಗೆ ಮುಂದಿನ ಚಕ್ರ ಸಿಕ್ಕಿಕೊಂಡು ನಿಂತಿತು. ಅಲ್ಲಿಂದ ಮೂರನೇ ತಿರುವಿಗೆ ಐವತ್ತು ಹೆಜ್ಜೆ ಉಳಿದಿತ್ತು. ಆ ತಿರುವಿಗೆ ಕಟ್ಟೆ ಇಲ್ಲ.

ನಾನು ಹಿಂದಿನ ಬಾಗಿಲು ತೆಗೆದು ಪುಟ್ಟಿಯನ್ನು ಎತ್ತಿಕೊಂಡೆ. ಮೈಮೇಲೆ ಒಂದು ಗೀರೂ ಇರಲಿಲ್ಲ. ಅಳುತ್ತಲೂ ಇರಲಿಲ್ಲ, ಬೊಂಬೆಯನ್ನು ಅವುಚಿಕೊಂಡು ನಡುಗುತ್ತಿತ್ತು. ಮಗಳು ಸ್ಟೀರಿಂಗ್ ಬಿಡಲಿಲ್ಲ. ಒಂದೊಂದೇ ಬೆರಳನ್ನು ನಾನೇ ಬಿಡಿಸಬೇಕಾಯಿತು. "ಪೆಡಲ್ಲು ನೆಲಕ್ಕೇ ಹೋಯ್ತು ಅತ್ತೆ. ಎಂಟನೇ ತಿರುವಿಂದ ಬ್ರೇಕೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದ್ರೂ ನಿಲ್ಲಲಿಲ್ಲ" ಎಂದಳು. ಬದುಕಿದಳಲ್ಲ ಎಂದು ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಇಕ್ಕಳ ಮಗಳ ತಲೆ ಸವರಲಿಲ್ಲ, ಮಗುವನ್ನು ನೋಡಲಿಲ್ಲ. ನೇರವಾಗಿ ಬಾನೆಟ್ ಎತ್ತಿ ಒಳಗೆ ಕೈ ಹಾಕಿದ. ಬ್ರೇಕಿನ ಪೈಪನ್ನು ಹಿಡಿದುಕೊಂಡ. "ಒಂದು" ಎಂದ. "ಎರಡು. ಮೂರು." ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. ನಾಲ್ಕಕ್ಕೆ ಮಗಳು ಇಳಿದು ಬಂದು ಪಕ್ಕದಲ್ಲಿ ನಿಂತಳು. ಅದೇ ಪೈಪಿನ ಮೇಲೆ, ಅವನ ಕೈಯ ಪಕ್ಕದಲ್ಲೇ ತನ್ನ ಬೆರಳಿಟ್ಟಳು. ಇಟ್ಟ ಕ್ಷಣಕ್ಕೇ ಅಮ್ಮಾ ಎಂದು ಕೂಗಿ ಕೈ ಕಿತ್ತುಕೊಂಡು ಬಾಯಿಗಿಟ್ಟುಕೊಂಡಳು. ಅವನು "ಐದು" ಎಂದ. ಸುಟ್ಟ ವಾಸನೆ ಬಂತು. ಈ ಸಲ ಅದು ಬಣ್ಣದ್ದಲ್ಲ ಎಂದು ನಮಗೆಲ್ಲರಿಗೂ ತಿಳಿದಿತ್ತು.

"ಅಪ್ಪಾ, ಬಿಡಪ್ಪಾ" ಎಂದಳು. ಅವನು ಬಿಡಲಿಲ್ಲ. ಅವನ ಮುಂಗೈ ಹಿಡಿದು ಎಳೆದು ತೆಗೆದಳು. ಆ ಕೈಯನ್ನು ತಿರುಗಿಸಿ ನೋಡಿದಳು. ಐದು ತಿರುವು ಬ್ರೇಕಿಲ್ಲದೆ ಇಳಿದು ಬಂದವಳು ಆಗ ಮೊದಲ ಸಲ ಅತ್ತಳು.

"ಯಾವಾಗಿಂದ ಹೀಗೆ?"

"ಗೊತ್ತಿಲ್ಲ ಮಗಳೇ."

"ನೆನಪು ಮಾಡ್ಕೋ ಅಪ್ಪಾ."

"ನೋವು ಬಂದ್ರೆ ಯಾವತ್ತು ಬಂತು ಅಂತ ಹೇಳಬಹುದು. ಹೋದದ್ದು ಹೇಗೆ ಗೊತ್ತಾಗತ್ತೆ?" ಎಂದ. ರಸ್ತೆಯ ಬದಿಯಲ್ಲಿ ಕುಸಿದು ಕೂತ. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದು ಬರಿಗಾಲು. ಆಮೇಲೆ ಅವನ ಕಣ್ಣು ನನ್ನ ವ್ಯಾನಿನ ಮೇಲೆ ಹೋಯಿತು. ನೋಡುತ್ತ ನೋಡುತ್ತ ಅವನ ಮುಖ ಬದಲಾಯಿತು. "ಬ್ರೆಡ್ಡಿನ ಗಾಡಿ" ಎಂದ. "ದರ್ಜಿ ಬೀದಿಯ ಜೀಪು. ಶಾಲೆಯ ಹಳದಿ ವ್ಯಾನು." ಎಲ್ಲ ಅವನ ಹತ್ತರಲ್ಲಿ ಪಾಸಾದ ಗಾಡಿಗಳು. ಆ ಹಳದಿ ವ್ಯಾನಿನಲ್ಲಿ ದಿನಾ ಹದಿನಾಲ್ಕು ಮಕ್ಕಳು ಇದೇ ಗುಡ್ಡ ಇಳಿಯುತ್ತಾರೆ.

ಅವನು ಎದ್ದು ಪುಟ್ಟಿಯ ಕಡೆ ಕೈ ಚಾಚಿದ. ಮಗು ನನ್ನ ಕತ್ತಿಗೆ ಮುಖ ಒತ್ತಿಕೊಂಡಿತು. "ತಾತನ ಕೈ ಬೇಡ. ನೀರು ಬಿಸಿ" ಎಂದಿತು.

ನಾನು ಮಗಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಹಟಮಾರಿ ಎಂದು ಬೈದಿದ್ದೆನಲ್ಲ, ಬೆಕ್ಕಿನ ಜಾತಿ ಎಂದಿದ್ದೆನಲ್ಲ. ಮೈ ಸುಡುತ್ತಿದೆ ಎಂದು ಮಾತು ಬಾರದ ಕೂಸು ಅರಚಿ ಅರಚಿ ಹೇಳಿತ್ತು, ನಾವು ನಕ್ಕಿದ್ದೆವು.

"ಅವಳು ಸ್ನಾನಕ್ಕೆ ಅಳೋಕೆ ಶುರು ಮಾಡಿದ್ದು ಯಾವಾಗ ಅತ್ತೆ?" ಎಂದು ಮಗಳು ಮೆಲ್ಲಗೆ ಕೇಳಿದಳು.

"ನಡೆಯೋಕೆ ಕಲಿತ ಬೇಸಿಗೆ" ಎಂದೆ. "ಎರಡು ವರ್ಷದ ಮೇಲಾಯ್ತು."

ಆ ಬೇಸಿಗೆಯಿಂದಲೇ ಲೆಕ್ಕ ಹಿಡಿದೆವು. ಅವತ್ತು ಸಂಜೆಯೇ ಶಾಲೆಗೆ ಫೋನ್ ಮಾಡಿ ಹಳದಿ ವ್ಯಾನನ್ನು ಅಲ್ಲೇ ನಿಲ್ಲಿಸಿದೆವು. ನಮ್ಮ ನಡುವಿನ ತಗಡಿನ ಗೋಡೆಯ ಮೇಲೆ ನನ್ನ ಹೊಲಿಗೆಯ ಸೀಮೆಸುಣ್ಣದಲ್ಲಿ ಬರೆದೆ. ಅವನು ಕಣ್ಣು ಮುಚ್ಚಿ ಒಂದೊಂದೇ ಗಾಡಿ ಹೇಳಿದ, ಬಣ್ಣ, ಎಂಜಿನ್ನು, ಓಡಿಸುವವರು. ಒಟ್ಟು ಮೂವತ್ತೊಂದು. ಇಪ್ಪತ್ತೇಳನ್ನು ಹುಡುಕಿ ವಾಪಸ್ ಕರೆಸಿದ್ದೇವೆ. ಈಗ ನೆತ್ತಿಯಲ್ಲಿ ಬೆರಳಿಡುವವಳು ನಾನು, ಎಣಿಸುವವನು ಅವನು. ಇಪ್ಪತ್ತೇಳರಲ್ಲಿ ಆರು ಗಾಡಿಗಳಲ್ಲಿ ನನಗೆ ಹತ್ತು ಮುಟ್ಟಲಾಗಲಿಲ್ಲ. ಹಳದಿ ವ್ಯಾನಿನಲ್ಲಿ ಎರಡಕ್ಕೇ ಕೈ ತೆಗೆದೆ. ನನ್ನ ಬೆಳ್ಳಿ ಬಟ್ಟೆ ಮುಗಿದು ಇನ್ನೊಂದು ಸುರುಳಿ ತರಿಸಿದ್ದೇನೆ.

ನಾಲ್ಕು ಗಾಡಿಗಳು ಸಿಕ್ಕಿಲ್ಲ. ಒಬ್ಬರಿಂದ ಒಬ್ಬರಿಗೆ ಮಾರಾಟವಾಗಿ ಎಲ್ಲಿಗೋ ಹೋಗಿವೆ. ಯಾರು ಓಡಿಸುತ್ತಿದ್ದಾರೋ, ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದಾರೋ ಗೊತ್ತಿಲ್ಲ. ಗುಡ್ಡದ ಕಡೆಯಿಂದ ಯಾವುದಾದರೂ ಹಾರ್ನು ಸ್ವಲ್ಪ ಉದ್ದವಾಗಿ ಕೇಳಿಸಿದರೆ ಗೋಡೆಯ ಆಚೆ ಅವನ ಸುತ್ತಿಗೆ ನಿಲ್ಲುತ್ತದೆ. ನಾನೂ ಮಿಷನ್ನಿನಿಂದ ಕಾಲು ತೆಗೆಯುತ್ತೇನೆ. ಹಾರ್ನು ನಿಂತು ಬೀದಿ ಎಂದಿನ ಹಾಗಾಗುವವರೆಗೆ ಇಬ್ಬರೂ ಕಾಯುತ್ತೇವೆ.